ದಾರಿ ಬಲ್ಲವರು

‘ಪದವಿಯಾಯಿತು, ಮುಂದೇನು?’ ಈ ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ಉತ್ತರ ಕಾಣದೆ ನಿದ್ರೆಗೆಟ್ಟ ತರುಣರು ಅನೇಕರು. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಸಂಜೆ ವಾಯುಸೇವನೆಗೆ ಹೊರಟಾಗ ಗೋಲಗುಮ್ಮಟದ ಬಳಿ ಹಳೆಯ ವಿದ್ಯಾರ್ಥಿಗಳು ಎದುರಾಗುತ್ತಾರೆ. ಕುಶಲದ ಮಾತು ಮುಗಿಯುತ್ತಲೇ ಈ ಪ್ರಶ್ನೆ ಬರುತ್ತದೆ.

ತಿಕೋಟಾ, ಬಬಲೇಶ್ವರದ ಕಡೆಯಿಂದ ಬಂದು ಓದುವ ಮಕ್ಕಳಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ತಂದೆಗೆ ತೋಟದ ಒಂದೊಂದು ದ್ರಾಕ್ಷಿ ಬಳ್ಳಿಯ ಗುಣವೂ ಗೊತ್ತು. ಮಗಳ ಓದಿನಿಂದ ಯಾವ ಉದ್ಯೋಗಗಳ ಬಾಗಿಲು ತೆರೆಯುತ್ತದೆಂಬುದು ಗೊತ್ತಿಲ್ಲ. ಅದು ಆತನ ದೋಷವಲ್ಲ. ಆ ದಾರಿಯಲ್ಲಿ ಆತ ನಡೆದಿಲ್ಲ, ಅಷ್ಟೆ. ಓದಿದವರ ಮನೆಯಲ್ಲಿ ಊಟದ ಹೊತ್ತಿನಲ್ಲಿಯೇ ದೊರೆಯುವ ತಿಳಿವಳಿಕೆಯನ್ನು ಈ ಮಕ್ಕಳು ಹೊರಗಿನಿಂದ ಪಡೆಯಬೇಕು.

ಆ ತಂದೆಯ ಕೃಷಿಯಲ್ಲಿಯೇ ನಮಗೊಂದು ಪಾಠವಿದೆ. ನಮ್ಮ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ. ಇದಕ್ಕೆ ಚಾಟ್ನಿ ಎಂದು ಹೆಸರು. ಗೊಂಚಲು ಕಣ್ಣಿಗೆ ಕಾಣುವುದು ಅಕ್ಟೋಬರ್ ಚಾಟ್ನಿಯ ತರುವಾಯ. ಆದರೆ ಅದರ ಮೂಲ ಮೊಗ್ಗಿನೊಳಗೆ ರೂಪುಗೊಳ್ಳುವುದು ಏಪ್ರಿಲ್ ಚಾಟ್ನಿಯ ಅನಂತರದ ಒಂದೆರಡು ತಿಂಗಳಲ್ಲಿ. ಆಗ ಆರೈಕೆ ತಪ್ಪಿದರೆ ಅಕ್ಟೋಬರ್‌ನಲ್ಲಿ ಗೊಬ್ಬರ ಸುರಿದು ಫಲವಿಲ್ಲ. ಮಾರ್ಗದರ್ಶನವೂ ಹಾಗೆಯೇ. ಕೊನೆಯ ಪರೀಕ್ಷೆ ಮುಗಿದ ಮೇಲೆ ಕೊಡುವ ಸಲಹೆ ಬಹುಮಟ್ಟಿಗೆ ಸಾಂತ್ವನವಾದೀತು. ಮೊದಲ ವರ್ಷದಲ್ಲಿ ದೊರೆತದ್ದು ಸಿದ್ಧತೆಗೆ ಒದಗುತ್ತದೆ.

ಹೇಳುವವರು ಯಾರು? ಆ ದಾರಿಯಲ್ಲಿ ಇತ್ತೀಚೆಗೆ ನಡೆದು ಹೋದವರು. 2003ರಲ್ಲಿ ವಿಜಯಪುರದಲ್ಲಿ ಸ್ಥಾಪನೆಯಾಗಿ, ಇಂದು ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯದಿಂದ ಎಷ್ಟೋ ಹೆಣ್ಣುಮಕ್ಕಳು ಕಲಿತು ಹೊರಬಂದಿದ್ದಾರೆ. ಅಂಥವರ ಅನುಭವ ಕಿರಿಯರಿಗೆ ಸಲ್ಲಬೇಕು.

ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಗೆ ಬಂದಿದ್ದಳು. ನೆರೆಮನೆಯ ಹುಡುಗಿಯೊಬ್ಬಳನ್ನು ಅವಳ ಬಳಿ ಕುಳ್ಳಿರಿಸಿದೆ. ಹುಡುಗಿ ವಿಜ್ಞಾನ ಪದವಿಯಲ್ಲಿ ಓದುತ್ತಿದ್ದಳು; ಮನೆಯಲ್ಲಿ ವರಾನ್ವೇಷಣೆ ನಡೆದಿತ್ತು. ಅಧಿಕಾರಿ ‘ಬ್ಯಾಂಕಿಗೆ ಸೇರು’ ಎನ್ನಲಿಲ್ಲ. ತಾನು ಎರಡು ಸಲ ಪರೀಕ್ಷೆಯಲ್ಲಿ ಸೋತುದನ್ನು, ದೂರದ ಊರಿನ ಒಂಟಿತನವನ್ನು, ಮೊದಲ ಸಂಬಳವನ್ನು ತಂದೆಯ ಕೈಗಿತ್ತ ದಿನವನ್ನು ಹೇಳಿದಳು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, “ಅಕ್ಕಾರ, ನನಗ ಲ್ಯಾಬಿನ ಕೆಲಸಾನ ಮನಸ್ಸಿಗೆ ಹಿಡಿಸೈತ್ರಿ” ಎಂದಳು.

“ಹಾಂಗಾದ್ರ ಅದನ್ನ ನಿಮ್ಮ ಅಪ್ಪಾರ ಮುಂದ ಹೇಳು. ನಾನೂ ಜೋಡಿ ಬರ್ತೀನಿ” ಎಂದಳು ಅಧಿಕಾರಿ.

ಇಬ್ಬರೂ ಹೋದರು. ತಂದೆ ಆಲಿಸಿ, ಇನ್ನೆರಡು ವರ್ಷ ಓದಲಿ ಎಂದರು.

ಬಲ್ಲವರ ಮಾತಿಗೂ ಒಂದು ಮೇರೆಯುಂಟು. ಫ.ಗು. ಹಳಕಟ್ಟಿಯವರು ಈ ಊರಿಗೆ ಬಂದದ್ದು ವಕೀಲಿ ವೃತ್ತಿಗಾಗಿ. ಆದರೆ ವಚನಗಳ ತಾಳೆಗರಿಗಳನ್ನು ಅರಸಿ ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1925ರಲ್ಲಿ ಮುದ್ರಣಾಲಯವನ್ನೇ ತೆರೆದರು. ನೆಲೆಯೂರಿದ ವಕೀಲನಿಗೆ ಹೀಗೆ ಮಾಡೆಂದು ಯಾವ ಹಿತೈಷಿ ತಾನೇ ಹೇಳಿಯಾನು? ಹಿರಿಯರು ದಾರಿಯ ತಗ್ಗುದಿಣ್ಣೆಗಳನ್ನು ತಿಳಿಸಬಹುದು. ಎಲ್ಲಿಗೆ ಹೋಗಬೇಕೆಂಬುದನ್ನು ನಡೆಯುವವರೇ ನಿಶ್ಚಯಿಸಬೇಕು.

ವಿದ್ಯಾರ್ಥಿಗಳೇ, ನಾಳೆ ನೀವೂ ಪದವೀಧರರಾಗುವಿರಿ. ನಿಮ್ಮೂರಿನ ಕಿರಿಯರೊಬ್ಬರು ಬಂದು ಕೇಳಿದಾಗ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿರಿ. ನಿಮ್ಮ ಗೆಲವಿನೊಡನೆ ನೀವು ಪಟ್ಟ ಕಷ್ಟವನ್ನೂ ಹೇಳಿರಿ.