ಸಕ್ರೆಬೈಲಿನ ಆನೆ, ಭದ್ರಾವತಿಯ ಕಾಗದ

ಚಿಕ್ಕ ಮಕ್ಕಳಿರುವ ಮನೆಯವರು ಪ್ರವಾಸ ಹೋದರೆ, ಹಿಂದಿರುಗುವಾಗ ಒಂದೆರಡು ಆಟಿಕೆಗಳನ್ನು ಕೊಂಡು ತರುವುದು ವಾಡಿಕೆ. ಪ್ಲಾಸ್ಟಿಕ್ಕಿನ ಆನೆಯೋ ಹುಲಿಯೋ ಎರಡು ದಿನ ಮಗುವಿನ ಕೈಯಲ್ಲಿದ್ದು, ಮೂರನೆಯ ದಿನ ಕಾಲು ಮುರಿದುಕೊಂಡು ಮಂಚದ ಕೆಳಗೆ ಸೇರುತ್ತದೆ. ಹೀಗೆ ಆಗುವುದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಕೊಂಡು ತಂದ ಆನೆಯಲ್ಲಿ ಮಗುವು ಮಾಡಬೇಕಾದ ಕೆಲಸವೇ ಉಳಿದಿರುವುದಿಲ್ಲ. ತುಂಗೆಯ ದಡದ ಶಿವಮೊಗ್ಗೆಗೂ ಭದ್ರೆಯ ದಡದ ಭದ್ರಾವತಿಗೂ ಹೋಗುವ ಗೃಹಸ್ಥರಿಗಾದರೋ ಬೇರೊಂದು ದಾರಿಯುಂಟು. ಪ್ರಾಣಿಗಳನ್ನು ಕಣ್ಣಾರೆ ಕಾಣುವ ಸ್ಥಳಗಳೂ, ಅವುಗಳನ್ನು ಮನೆಯಲ್ಲಿ ಮಾಡಲು ಬೇಕಾದ ಸಾಮಗ್ರಿಗಳೂ ಇಲ್ಲಿ ಹತ್ತಿರ ಹತ್ತಿರದಲ್ಲಿಯೇ ದೊರೆಯುತ್ತವೆ. ಇವುಗಳಿಗಾಗಿ ಮಾಡಬೇಕಾದ ವೆಚ್ಚವು ತೀರ ಅಲ್ಪ.

ಮೂರರಿಂದ ಐದು ವರ್ಷದ ಮಗುವಿನ ಕೈಗೆ ಏನು ಸಾಧ್ಯವೆಂಬುದನ್ನು ಹಿರಿಯರು ಮೊದಲು ತಿಳಿದಿರಬೇಕು. ಹರಿಯುವುದು, ಮುದುರುವುದು, ಒತ್ತುವುದು, ಸವರುವುದು, ಅಂಟಿಸುವುದು: ಇವು ಐದೂ ಅದಕ್ಕೆ ಒಗ್ಗುವ ಕೆಲಸಗಳು. ಗೆರೆಯ ಮೇಲೆಯೇ ಕತ್ತರಿಸುವುದು, ಅಂಚಿಗೆ ಅಂಚು ಕೂಡಿಸಿ ಮಡಿಸುವುದು ಇನ್ನೂ ಒಗ್ಗವು. ಜರ್ಮನಿಯ ಫ್ರೋಬೆಲನು 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆಯನ್ನು ತೆರೆದು, ಮಣ್ಣು, ಕಾಗದ, ಕಡ್ಡಿಗಳನ್ನು ಪಾಠದ ಸಾಮಗ್ರಿಯೆಂದೇ ಬಳಸಿದನು. ನಮ್ಮ ಮಲೆನಾಡಿನ ಮಕ್ಕಳಿಗೆ ಈ ವಿದ್ಯೆಯು ಹೊಸತಲ್ಲ. ಅಡಿಕೆಯ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬನು ಅಂಗಳವೆಲ್ಲ ಎಳೆದಾಡುವ ಗಾಡಿಯಾಟವನ್ನು ಯಾವ ಶಾಲೆಯವರೂ ಅವರಿಗೆ ಕಲಿಸಲಿಲ್ಲ.

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರು ಹೋದರೆ ಸಕ್ರೆಬೈಲು ಸಿಕ್ಕುತ್ತದೆ. ಗಾಜನೂರಿನ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಅರಣ್ಯ ಇಲಾಖೆಯವರ ಆನೆಗಳ ಬಿಡಾರವಿದೆ. ಬೆಳಗಿನ ಹೊತ್ತು ಮಾವುತರು ಆನೆಗಳನ್ನು ನೀರಿಗಿಳಿಸಿ, ಮಗ್ಗುಲಾಗಿ ಮಲಗಿಸಿ, ಮೈ ಉಜ್ಜುವುದನ್ನು ನೋಡಬಹುದು. ಇಲ್ಲಿಗೆ ಮಗುವನ್ನು ಕರೆತಂದ ಹಿರಿಯರು “ಅಗೋ ಆನೆ, ಇಗೋ ಆನೆ” ಎಂದು ಕೂಗುತ್ತ ಭಾವಚಿತ್ರ ತೆಗೆಯುವುದರಲ್ಲಿಯೇ ಹೊತ್ತು ಕಳೆಯಬಾರದು. ಒಂದೆರಡು ಪ್ರಶ್ನೆ ಕೇಳಿ ಸುಮ್ಮನಿರಬೇಕು. ಕಾಲಿನಲ್ಲಿ ಉಗುರೆಷ್ಟು? ಸೊಂಡಿಲಿನ ತುದಿ ಹೇಗಿದೆ? ಬೆನ್ನು ಚಪ್ಪಟೆಯೋ, ಉಬ್ಬೋ?

ಈ ಪ್ರಶ್ನೆಗಳು ನಿರರ್ಥಕವಲ್ಲ. ಪೇಟೆಯ ಚಿತ್ರಪುಸ್ತಕಗಳಲ್ಲಿ ಎಷ್ಟೋ ವೇಳೆ ಇರುವುದು ಆಫ್ರಿಕದ ಆನೆ. ಅದರ ಕಿವಿ ಹೆಗಲನ್ನು ಮುಚ್ಚುವಷ್ಟು ಅಗಲವಾದುದು. ನಮ್ಮ ಆನೆಯ ಕಿವಿಯಾದರೋ ಚಿಕ್ಕದು. ಬೆನ್ನು ಕಮಾನಿನಂತೆ ಉಬ್ಬಿದೆ. ಸೊಂಡಿಲಿನ ತುದಿಯಲ್ಲಿ ಬೆರಳಿನಂತಹ ಮೊನೆ ಒಂದೇ. ಸಾಮಾನ್ಯವಾಗಿ ಮುಂಗಾಲಿಗೆ ಐದು ಉಗುರು, ಹಿಂಗಾಲಿಗೆ ನಾಲ್ಕು. ತನ್ನ ಊರಿನ ಆನೆಯನ್ನು ಪುಸ್ತಕದಲ್ಲಿರುವ ದೂರದೇಶದ ಆನೆಯಿಂದ ಬೇರ್ಪಡಿಸಿ ಗುರುತಿಸಬಲ್ಲ ಮಗುವಿನ ಕಣ್ಣಿಗೆ ಅಷ್ಟರಮಟ್ಟಿಗೆ ಶಿಕ್ಷಣವಾಯಿತೆಂದೇ ತಿಳಿಯಬೇಕು.

ಶಿವಮೊಗ್ಗೆಯ ಇನ್ನೊಂದು ದಿಕ್ಕಿಗೆ, ಸಾಗರದ ರಸ್ತೆಯಲ್ಲಿ, ಸುಮಾರು 10 ಕಿಲೋಮೀಟರು ದೂರದಲ್ಲಿ ತ್ಯಾವರೆಕೊಪ್ಪವಿದೆ. ಹುಲಿ ಸಿಂಹಗಳನ್ನು ಗಾಡಿಯಲ್ಲಿ ಕುಳಿತು ನೋಡುವ ಏರ್ಪಾಡು ಇಲ್ಲಿ 1988ರಲ್ಲಿ ಆರಂಭವಾಯಿತು. ಸಿಂಹವು ಮಲೆನಾಡಿನ ಕಾಡಿನ ಪ್ರಾಣಿಯಲ್ಲ. ಆದುದರಿಂದ ಮಕ್ಕಳಿಗೆ ಅದರಲ್ಲಿ ಕುತೂಹಲ ಹೆಚ್ಚು. ಹುಲಿಯ ಮೈಮೇಲಿನ ಪಟ್ಟೆಗಳು ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುತ್ತವೆಯೇ ಹೊರತು ತಲೆಯಿಂದ ಬಾಲದವರೆಗೆ ಉದ್ದಕ್ಕೆ ಓಡುವುದಿಲ್ಲ. ಸಿಂಹಕ್ಕೆ ಕೇಸರವುಂಟು, ಸಿಂಹಿಣಿಗೆ ಇಲ್ಲ. ಇಷ್ಟನ್ನು ಕಂಡುಕೊಂಡರೆ ಆ ದಿನದ ಪ್ರಯಾಣ ಸಾರ್ಥಕ.

ಈ ಸಿಂಹವನ್ನು ಮಾಡುವುದು ಅತಿ ಸುಲಭ. ಅಡಿಕೆಯ ಸುಗ್ಗಿಯಲ್ಲಿ ಈ ಸೀಮೆಯ ರಸ್ತೆಗಳ ಬದಿಯಲ್ಲಿ ಸುಲಿದ ಸಿಪ್ಪೆಯ ರಾಶಿಗಳು ಬಿದ್ದಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಒಣಗಿದ ಸಿಪ್ಪೆಯನ್ನು ಬಿಡಿಸಿದರೆ ಕಂದುಬಣ್ಣದ ನಾರು ಬರುತ್ತದೆ. ಸಮಾರಂಭದಲ್ಲಿ ಮಿಕ್ಕ ಒಂದು ಹಾಳೆತಟ್ಟೆಯೇ ಸಿಂಹದ ಮುಖ. ಮಗುವು ತಟ್ಟೆಯ ಅಂಚಿಗೆ ಅಂಟು ಸವರಿ ಸುತ್ತಲೂ ನಾರನ್ನು ಒತ್ತಿದರೆ ಕೇಸರವಾಯಿತು. ಕಣ್ಣು ಮೂಗುಗಳನ್ನು ಒಲೆಯ ಇದ್ದಿಲಿನಿಂದ ಬರೆಯಬಹುದು. ನಾರಿಲ್ಲದ ಇನ್ನೊಂದು ತಟ್ಟೆಯನ್ನು ಪಕ್ಕದಲ್ಲಿಟ್ಟರೆ ಅದೇ ಸಿಂಹಿಣಿ. ಹುಲಿ ಬೇಕೆಂದರೆ ತಟ್ಟೆಗೆ ಅರಿಶಿನದ ನೀರನ್ನು ಬಳಿಯಬೇಕು. ಅರಿಶಿನಕ್ಕೆ ಚಿಟಿಕೆ ಸುಣ್ಣ ಸೇರಿದರೆ ಬಣ್ಣ ಕೆಂಪಿಗೆ ತಿರುಗುವುದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಆದರೆ ಸುಣ್ಣವು ಕಣ್ಣಿಗೆ ಅಪಾಯಕರವಾದುದರಿಂದ ಅದನ್ನು ಹಿರಿಯರೇ ಬೆರೆಸಬೇಕು.

ಇನ್ನು ಆನೆ. ಅದಕ್ಕೆ ಬೇಕಾದುದು ಹಳೆಯ ವೃತ್ತಪತ್ರಿಕೆ. ಕಾಗದದ ಮಾತು ಬಂದರೆ ಭದ್ರಾವತಿಗೆ ಹೋಗಲೇಬೇಕು.

ಭದ್ರಾವತಿಯು ಶಿವಮೊಗ್ಗೆಯಿಂದ ಸುಮಾರು 20 ಕಿಲೋಮೀಟರು. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಮೈಸೂರು ಸಂಸ್ಥಾನದವರು 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಕಟ್ಟಲಾರಂಭಿಸಿದರು. 1923ರಲ್ಲಿ ಅಲ್ಲಿ ಕಬ್ಬಿಣವು ಹರಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1936ರಲ್ಲಿ, ಮೈಸೂರು ಪೇಪರ್ ಮಿಲ್ಸ್ ಸ್ಥಾಪಿತವಾಯಿತು. ಬಿದಿರಿನಿಂದಲೂ ಕಬ್ಬಿನ ಸಿಪ್ಪೆಯಿಂದಲೂ ಇಲ್ಲಿ ಕಾಗದವಾಗುತ್ತಿತ್ತು. 1980ರ ದಶಕದಿಂದ ವೃತ್ತಪತ್ರಿಕೆಯ ಕಾಗದವನ್ನೂ ತಯಾರಿಸಿದರು. 2015–16ರ ಸುಮಾರಿಗೆ ಯಂತ್ರಗಳು ನಿಂತವು. ಆ ಯಂತ್ರಗಳನ್ನು ನಂಬಿ ಬಾಳಿದ ಸಂಸಾರಗಳ ಕಷ್ಟವನ್ನು ಬಲ್ಲವರೇ ಬಲ್ಲರು.

ನಾವು ಅಲ್ಲಿ ಇಳಿದುಕೊಂಡಿದ್ದ ಮನೆಯ ಹಿರಿಯರು ಕಾಗದದ ಕಾರ್ಖಾನೆಯಲ್ಲಿಯೇ ದುಡಿದು ವಿಶ್ರಾಂತರಾದವರು. ಸಾಯಂಕಾಲ ಜಗುಲಿಯಲ್ಲಿ ನಾಲ್ಕು ವರ್ಷದ ಮೊಮ್ಮಗನು ಪತ್ರಿಕೆಯೊಂದನ್ನು ಪಟ್ಟಿಪಟ್ಟಿಯಾಗಿ ಹರಿಯಲು ಹೆಣಗುತ್ತಿದ್ದನು. ಹರಿದದ್ದೆಲ್ಲ ಅಂಕುಡೊಂಕಾಗುತ್ತಿತ್ತು. “ಅಜ್ಜ, ನಂದು ಯಾಕೆ ಸೊಟ್ಟ?” ಎಂದು ಅಳುಮೋರೆ ಮಾಡಿದನು. ಹಿರಿಯರು ಹಾಳೆಯನ್ನು ತೆಗೆದುಕೊಂಡು, ಅಡ್ಡಲಾಗಿದ್ದುದನ್ನು ನೆಟ್ಟಗೆ ತಿರುಗಿಸಿ, ಅವನ ಕೈಗೇ ಮರಳಿ ಕೊಟ್ಟರು. “ಕಾಗದಕ್ಕೂ ನಾರು ಇದೆ ಕಣೋ ಪುಟ್ಟಾ. ಅದು ಹರಿದು ಬಂದ ದಾರಿಯಲ್ಲೇ ಹರಿ, ಮಾತು ಕೇಳುತ್ತೆ.” ಹುಡುಗನು ಮೇಲಿನಿಂದ ಕೆಳಕ್ಕೆ ಎಳೆದನು. ಪಟ್ಟಿಯು ನೇರವಾಗಿ ಸೀಳಿ ಬಂದಿತು.

ಅದರ ಕಾರಣವನ್ನು ಅವರೇ ನಮಗೆ ವಿವರಿಸಿದರು. ನೀರಿನಲ್ಲಿ ಕಲಸಿದ ತಿರುಳು ಓಡುತ್ತಿರುವ ಜಾಲರಿಯ ಮೇಲೆ ಹರಿದು ಬೀಳುವಾಗ, ಅದರಲ್ಲಿರುವ ನಾರುಗಳಲ್ಲಿ ಬಹುಪಾಲು ಓಟದ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿನಲ್ಲಿ ಹರಿದರೆ ಕಾಗದವು ನೇರವಾಗಿ ಬಿಡುತ್ತದೆ; ಅಡ್ಡಲಾಗಿ ಹರಿದರೆ ಮೊಂಡುಹಿಡಿಯುತ್ತದೆ. ವೃತ್ತಪತ್ರಿಕೆಯ ಕಾಗದಕ್ಕೆ ನಯವಾದ ಲೇಪವಿಲ್ಲದಿರುವುದರಿಂದ ಅದು ಅಂಟನ್ನು ಚೆನ್ನಾಗಿ ಹೀರುತ್ತದೆ. ಹೊಳಪಿನ ಕಾಗದವು ಹೀರದೆ ಸುಲಿದುಕೊಳ್ಳುತ್ತದೆ. ಕಾರ್ಖಾನೆಯ ಯಂತ್ರವು ನಿಂತರೂ ಈ ತಿಳಿವಳಿಕೆಯು ಆ ಜಗುಲಿಯಲ್ಲಿ ಅಜ್ಜನ ಕೈಯಿಂದ ಮೊಮ್ಮಗನ ಕೈಗೆ ದಾಟಿತು. ಇಂತಹ ಹಿರಿಯರು ನಮ್ಮ ಮನೆಮನೆಗಳಲ್ಲಿಯೂ ಇದ್ದಾರೆ. ನೇಯ್ದವರು, ಬುಟ್ಟಿ ಹೆಣೆದವರು, ತೋಟ ಮಾಡಿದವರು, ಹೊಲಿದವರು, ಎಲ್ಲರ ಕೈಯಲ್ಲಿಯೂ ಒಂದೊಂದು ವಿದ್ಯೆಯಿದೆ. ಮಗುವಿನ ಮುಂದೆ ಕೂರಲು ಅವರಿಗೊಂದು ಕೆಲಸವಿಲ್ಲದಿದ್ದರೆ ಅದು ಅವರೊಡನೆಯೇ ಹೋಗಿಬಿಡುತ್ತದೆ.

ಆನೆಯನ್ನು ಮಾಡುವ ಕ್ರಮವು ಹೀಗೆ. ಒಂದು ಬಟ್ಟಲು ಮೈದಾಹಿಟ್ಟನ್ನು ಐದು ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಗಂಜಿಯಂತೆ ಕಾಯಿಸಿ ಆರಿಸಬೇಕು. ಪತ್ರಿಕೆಯ ಹಾಳೆಗಳನ್ನು ಮಗುವು ಮುದುರಿ ದೊಡ್ಡದೊಂದು, ಚಿಕ್ಕದೊಂದು ಉಂಡೆ ಮಾಡಲಿ. ಹಿರಿಯರು ಅವೆರಡನ್ನೂ ದಾರದಿಂದ ಕಟ್ಟಲಿ. ಸುರುಳಿ ಸುತ್ತಿದ ನಾಲ್ಕು ತುಂಡುಗಳು ಕಾಲು, ತೆಳ್ಳಗಿನ ಇನ್ನೊಂದು ಸುರುಳಿಯು ಸೊಂಡಿಲು. ಬಳಿಕ ಹರಿದ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಮೈಮೇಲೆಲ್ಲ ಹೊದಿಸುವುದು. ದಿನಕ್ಕೆ ಒಂದೇ ಪದರ ಸಾಕು. ಮೂರು ದಿನಕ್ಕೆ ಮೂರು ಪದರ. ಅವಸರದಿಂದ ಒಂದೇ ದಿನ ಹೊದಿಸಿದರೆ ಒಳಗೆ ಹಸಿ ಉಳಿದು ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಒಲೆಯ ಸಮೀಪದ ಬೆಚ್ಚನೆಯ ಸ್ಥಳದಲ್ಲಿಟ್ಟು ಒಣಗಿಸಬೇಕು. ಕಿವಿಗಳಿಗಾಗಿ ಅಡಿಕೆಯ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆದುವಾದ ಮೇಲೆ ಹಿರಿಯರು ಕತ್ತರಿಸಿ ಕೊಟ್ಟರೆ ಮಗುವೇ ಅಂಟಿಸುವುದು. ಬೂದಿಯನ್ನು ಅದೇ ಅಂಟಿನಲ್ಲಿ ಕಲಸಿದರೆ ಆನೆಯ ಬಣ್ಣ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಗುಲಗಂಜಿಯನ್ನು ಬೊಂಬೆಗಳ ಕಣ್ಣಿಗೆ ಇಡುವುದು ಅಂದವಾಗಿ ಕಂಡರೂ, ಅಗಿದರೆ ಅದು ಘೋರವಿಷ. ಶಿಶುಗಳಿರುವ ಮನೆಯಲ್ಲಿ ಅದು ಕೂಡದು. ಕಡಲೆ, ಅಡಿಕೆ, ಗುಂಡಿಗಳನ್ನು ಮೂಗಿಗೂ ಬಾಯಿಗೂ ತುರುಕಿಕೊಳ್ಳುವ ವಯಸ್ಸಿದು. ಇದ್ದಿಲಿನಿಂದ ಬರೆದ ಕಣ್ಣೇ ಕ್ಷೇಮ. ಪತ್ರಿಕೆಯ ಮಸಿ ಹತ್ತಿದ ಕೈಗಳನ್ನು ಊಟಕ್ಕೆ ಮುಂಚೆ ತೊಳೆಸಬೇಕೆಂಬುದನ್ನು ತಾಯಂದಿರಿಗೆ ಹೇಳಬೇಕಾಗಿಲ್ಲ.

ಇದೆಲ್ಲಕ್ಕಿಂತ ಕಷ್ಟವಾದುದು ಹಿರಿಯರು ತಮ್ಮ ಕೈಯನ್ನು ತಡೆದುಕೊಳ್ಳುವುದು. ಸೊಂಡಿಲು ಓರೆಯಾಗಿದೆಯೆಂದು ನೆಟ್ಟಗೆ ಮಾಡುವ, ಕಾಲು ಗಿಡ್ಡವಾಯಿತೆಂದು ಬದಲಾಯಿಸುವ ಚಾಪಲ್ಯವು ನಮ್ಮೆಲ್ಲರಿಗೂ ಉಂಟು. ನಾವು ತಿದ್ದಿದ ಕ್ಷಣವೇ ಆನೆಯು ನಮ್ಮದಾಗುತ್ತದೆ; ಮಗುವು ಎದ್ದು ಹೊರಗೆ ಹೋಗುತ್ತದೆ. ಆ ಜಗುಲಿಯ ಹಿರಿಯರು ಪಟ್ಟಿಯನ್ನು ತಾವೇ ಹರಿದು ಕೊಟ್ಟಿದ್ದರೆ ಮೊಮ್ಮಗನಿಗೆ ಪಟ್ಟಿ ಸಿಕ್ಕುತ್ತಿತ್ತು, ವಿದ್ಯೆ ಸಿಕ್ಕುತ್ತಿರಲಿಲ್ಲ. ಅವರು ಹಾಳೆಯನ್ನು ತಿರುಗಿಸಿದರು, ಅಷ್ಟೆ.

ಇಂತಹ ಆನೆಯು ಹೆಚ್ಚು ಕಾಲ ಬಾಳಲಾರದು. ಕಿವಿ ಕಳಚಿ, ಹೊಟ್ಟೆ ಒಡೆದು, ಒಂದು ದಿನ ಅದು ಗೊಬ್ಬರದ ಗುಂಡಿಗೆ ಸೇರುತ್ತದೆ. ಕಾಗದ, ಹಾಳೆ, ನಾರು ಎಲ್ಲವೂ ಅಲ್ಲಿ ಮಣ್ಣಾಗಿ, ಹಿತ್ತಿಲಿನ ಬಾಳೆಗೆ ಉಪಯೋಗಕ್ಕೆ ಬರುತ್ತವೆ. ಮಗುವಿಗಾದರೋ ಮತ್ತೊಂದನ್ನು ಮಾಡುವುದು ಗೊತ್ತಿರುತ್ತದೆ. ಮುಂದಿನ ರಜೆಯಲ್ಲಿ ಸಕ್ರೆಬೈಲಿಗೆ ಹೋದಾಗ ನಾವು ಕೇಳುವ ಮೊದಲೇ ಅದು ಆನೆಯ ಉಗುರುಗಳನ್ನು ಎಣಿಸಲಾರಂಭಿಸಿದರೆ ನಮ್ಮ ಶ್ರಮವು ಸಫಲವಾಯಿತೆಂದು ತಿಳಿಯಬಹುದು.