ಭಕ್ತಿ ಕಡಿಮಿ ಆಗಿಲ್ಲ, ಜೀವ ಸೋತಾದ

ನಮ್ಮ ಕೊಂಕಲ್ ಕಡೆಯ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ ರಾತ್ರಿ ಪುರಾಣ, ಭಜನೆ. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಇಡೀ ಓಣಿಗೆ ಗೊತ್ತು. ಪ್ರತಿ ವರ್ಷ ತಾಳ ಹಿಡಿದು ಮುಂದೆ ಕೂರುವಾತ ಈ ಸಲ ಹಿಂದೆ ಗೋಡೆಗೊರಗಿ ಕೂತು, ಪ್ರಸಾದ ಮುಟ್ಟದೆ ಎದ್ದುಹೋದರೆ, “ಭಕ್ತಿ ಕಡಿಮಿ ಆಗ್ಯಾದ ನೋಡ್ರಿ” ಎಂದುಬಿಡುತ್ತೇವೆ. ಇಲ್ಲವೇ, “ಗಾಳಿ ಬಡದದ, ಅಮಾಸಿಗಿ ಗುಡಿಗಿ ಕರ್ಕೊಂಡು ಹೋಗ್ರಿ.”

ಆದರೆ ಕಾರಣ ಬೇರೆಯೇ ಇರಬಹುದು. ನಿದ್ದೆ ಇಲ್ಲ, ಊಟ ಸೇರದು, ಇಷ್ಟದ ಕೆಲಸವೂ ಬೇಡ, ಸದಾ ಸುಸ್ತು, ತಾನು ಯಾತಕ್ಕೂ ಬಾರದವ ಎಂಬ ಭಾವ. ಇಂಥವು ಎರಡು ವಾರ ದಾಟಿದರೂ ಬಿಡದಿದ್ದರೆ ಖಿನ್ನತೆಯಿರಬಹುದು. ದೈವಭಕ್ತರಿಗೆ ಮೇಲೊಂದು ಭಾರ: ನನ್ನ ಪೂಜೆಯಲ್ಲೇ ಕೊರತೆ, ದೇವರು ಕೈಬಿಟ್ಟ ಎಂಬ ಕೊರಗು. ಹರಕೆ ಹೆಚ್ಚುತ್ತದೆ, ಮಾತು ಕಡಿಮೆಯಾಗುತ್ತದೆ.

ಮೈಲಾಪುರದ ಮಲ್ಲಯ್ಯನಿಗೂ ತಿಂಥಣಿಯ ಮೌನೇಶ್ವರನಿಗೂ ನಡೆದುಕೊಳ್ಳಲಿ, ಬೇಡ ಎನ್ನುವವರು ಯಾರು? ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿಯೇ ಜಾತ್ರೆಗೆ ಹೋಗುತ್ತಾರಲ್ಲ, ಖಿನ್ನತೆಯೂ ಹಾಗೆಯೇ ಒಂದು ಕಾಯಿಲೆ. ಇದರ ಗುಳಿಗೆ ಮರುದಿನವೇ ಗುಣ ತೋರಿಸದು, ಕೆಲವು ವಾರ ಬೇಕು. ಡಾಕ್ಟರನ್ನು ಕೇಳದೆ ನಡುವೆ ಬಿಡಬಾರದು.

ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲೇ ನಮ್ಮ ಬಳ್ಳಾರಿಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಹಗಲು ರಾತ್ರಿ, ಕನ್ನಡದಲ್ಲೇ, ಪುಕ್ಕಟೆ.

ಮಠದ ಅಯ್ಯನವರೋ ದರ್ಗಾದ ಮುಜಾವರರೋ, “ತಾಯತಾನೂ ಕಟ್ಕೋ, ಡಾಕ್ಟರಗೂ ತೋರಸು” ಎಂದರೆ, ನಾವು ನೀವು ಹೇಳಿದ್ದಕ್ಕಿಂತ ಬೇಗ ಊರು ಕೇಳುತ್ತದೆ.