ಇಂದು ನಗದು, ನಾಳೆ...

ನಮ್ಮಪ್ಪನಿಗೆ ಈಗ ಬರೋದು ಒಂದೇ ಮಾತು. "ನಾಳೆ."

ಕಾಫಿ ಬೇಕಾ ಅಪ್ಪ? "ನಾಳೆ." ಫ್ಯಾನ್ ಹಾಕ್ಲಾ? "ನಾಳೆ." ಸಿಟ್ಟು ಬಂದಾಗ ಜೋರಾಗಿ "ನಾಳೆ ನಾಳೆ ನಾಳೆ!" ಮೊಮ್ಮಗಳು ತೊಡೆ ಹತ್ತಿದರೆ ಮೆತ್ತಗೆ "ನಾಳೇ..."

2023ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತೋಕೆ ಬಗ್ಗಿದವರು ಅಲ್ಲೇ ಕುಸಿದು ಕೂತುಬಿಟ್ಟರು. ಮೆದುಳಿನ ಎಡಭಾಗಕ್ಕೆ ಸ್ಟ್ರೋಕ್. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಕೋಲು ಹಿಡಿದು ನಡೆಯೋ ಅಷ್ಟು ಕಾಲು ವಾಪಸ್ ಬಂತು. ಮಾತು ಬರಲಿಲ್ಲ. ಡಾಕ್ಟರು ಇದಕ್ಕೆ ಅಫೇಸಿಯಾ ಅಂತಾರೆ ಅಂದರು. "ನೀವು ಹೇಳಿದ್ದು ಅವರಿಗೆ ಅರ್ಥ ಆಗುತ್ತೆ. ವಸ್ತು ಏನು ಅಂತಾನೂ ಗೊತ್ತು. ಅದರ ಹೆಸರು ಬಾಯಿಗೆ ಬರಲ್ಲ, ಅಷ್ಟೆ." ಅಷ್ಟೆ! ಕೆಲವರಿಗೆ ಹೀಗೆ ಒಂದೇ ಒಂದು ಪದ ಉಳಿದುಬಿಡುತ್ತಂತೆ, ಏನು ಹೇಳಹೊರಟರೂ ಅದೇ ಹೊರಗೆ ಬರುತ್ತಂತೆ. 1861ರಲ್ಲಿ ಪಾಲ್ ಬ್ರೋಕಾ ಅನ್ನೋ ಫ್ರೆಂಚ್ ವೈದ್ಯ ನೋಡಿದ ಒಬ್ಬ ರೋಗಿಗೆ ಉಳಿದಿದ್ದು "ಟಾನ್" ಅನ್ನೋ ಸದ್ದು. ಕೊನೆಗೆ ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನ ಟಾನ್ ಅಂತಲೇ ಕರೀತಿದ್ದರಂತೆ.

ಅಪ್ಪನಿಗೆ "ನಾಳೆ"ಯೇ ಯಾಕೆ ಉಳೀತು? ನನಗೊಂದು ಗುಮಾನಿ ಇದೆ. ಗಲ್ಲಾಪೆಟ್ಟಿಗೆ ಮೇಲೆ 34 ವರ್ಷದಿಂದ ಒಂದು ತಗಡಿನ ಬೋರ್ಡು ನೇತಾಡ್ತಾ ಇದೆ: "ಇಂದು ನಗದು, ನಾಳೆ ಸಾಲ."

ತಿಪಟೂರಿನಲ್ಲಿ ನಮ್ಮದು ಸಣ್ಣ ಹಾರ್ಡ್‌ವೇರ್ ಅಂಗಡಿ. ಕೊಬ್ಬರಿ ಮಾರಿದ ದುಡ್ಡು ಕೈಗೆ ಬಂದ ದಿನ ರೈತರು ಬರ್ತಾರೆ. ಪೈಪು, ಎಲ್ಬೋ, ಗೇಟ್ ವಾಲ್ವು, ಔಷಧಿ ಹೊಡೆಯೋ ಪಂಪಿನ ವಾಷರ್ರು, ಚಿಲಕ, ಹೋಲ್ಡರ್ರು. ಇವೆಲ್ಲಾ ಅಪ್ಪ ಇಟ್ಟಿದ್ದು ಡಬ್ಬಗಳಲ್ಲಿ. ಎದುರಿನ ಸ್ವೀಟ್ ಸ್ಟಾಲಿನಿಂದ ತಂದ ಖಾಲಿ ಡಬ್ಬಗಳು, ನೆಲದಿಂದ ಸೂರಿನವರೆಗೆ. ಮೈಸೂರ್ ಪಾಕಿನ ಡಬ್ಬದಲ್ಲಿ ವಾಷರ್ರು, ಸೋನ್ ಪಾಪಡಿಯಲ್ಲಿ ಸ್ಕ್ರೂ. ಒಂದರ ಮೇಲೂ ಹೆಸರಿಲ್ಲ. ಕೆಲವು ಅಂಗಡಿಗಳಲ್ಲಿ ಡಬ್ಬದ ಮುಂದೆ ಒಂದೊಂದು ಮಾದರಿಯನ್ನ ತಂತಿಯಲ್ಲಿ ಬಿಗಿದಿರ್ತಾರೆ, ನೋಡಿರ್ತೀರಿ. ಅಪ್ಪನಿಗೆ ಅದೂ ಬೇಕಿರಲಿಲ್ಲ. ಗಿರಾಕಿ ಮಾತು ಮುಗಿಸೋದರೊಳಗೆ ಕೈ ಸರಿಯಾದ ಡಬ್ಬದೊಳಗೆ ಇರ್ತಿತ್ತು. ಚಿಕ್ಕವನಿದ್ದಾಗ ನನಗೆ ಅದೊಂದು ಮ್ಯಾಜಿಕ್.

ಆ ಮ್ಯಾಜಿಕ್ಕಿನ ಬೆಲೆ ಗೊತ್ತಾಗಿದ್ದು ಅಮ್ಮ ಅಂಗಡಿಯಲ್ಲಿ ಕೂತ ಮೇಲೆ.

ಅಷ್ಟು ವರ್ಷ ಅಮ್ಮ ಅಂಗಡಿಗೆ ಬರ್ತಿದ್ದಿದ್ದು ಊಟದ ಕ್ಯಾರಿಯರ್ ಕೊಡೋಕೆ, ಆಯುಧಪೂಜೆಗೆ. ಅಷ್ಟೇ. ಈಗ ಯಾರೋ ಬಂದು "ಮುಕ್ಕಾಲು ಇಂಚಿನ ಟೀ ಕೊಡಮ್ಮ" ಅಂದರೆ ಅಮ್ಮ ಒಂದೊಂದೇ ಡಬ್ಬ ತೆಗೆಯೋಳು. ಪಕ್ಕದ ಕುರ್ಚಿಯಲ್ಲಿ ಅಪ್ಪ. ಅವರಿಗೆ ಯಾವ ಡಬ್ಬ ಅಂತ ಗೊತ್ತು! ಎಡಗೈ ಎತ್ತಿ ಮೇಲೆ ತೋರಿಸೋರು, ಅಲ್ಲಿ ಒಂದೇ ಥರದ ನಲವತ್ತು ಡಬ್ಬ. "ಇದಾ? ಇದಾ?" ಅಂತ ಅಮ್ಮ. "ನಾಳೆ! ನಾಳೆ!" ಅಂತ ಅಪ್ಪ. ಗಿರಾಕಿ ಪಾಪ ಏನಂದ್ಕೊಳ್ಳಬೇಕು? ಸ್ಟಾಕ್ ಇಲ್ಲ, ನಾಳೆ ಬರುತ್ತೆ ಅಂದ್ಕೊಂಡು ಮುಂದಿನ ಅಂಗಡಿಗೆ ಹೋಗೋನು. ಅವನು ಹೋದಮೇಲೆ ಅಪ್ಪ ಅಳೋರು. ನಮ್ಮಪ್ಪ ಅತ್ತಿದ್ದನ್ನ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅಂಗಡಿ ಮುಚ್ಚೋಣ ಅಂತ ನಾನೇ ಹೇಳಿದ್ದು. ಅಮ್ಮ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. "ಇವರು ಮನೇಲಿ ಗೋಡೆ ನೋಡ್ಕೊಂಡು ಕೂತ್ರೆ ಎಷ್ಟು ದಿನ ಇರ್ತಾರೋ" ಅಂದಳು.

ಆ ವಾರವೇ ಬೆಂಗಳೂರಿನಲ್ಲಿ, ನಮ್ಮ ಆಫೀಸಿನ ಹತ್ತಿರದ ಮೊಬೈಲ್ ಅಂಗಡಿಗೆ ಚಾರ್ಜರ್ ವೈರ್ ತರೋಕೆ ಹೋಗಿದ್ದೆ. ನನ್ನ ಮುಂದೆ ಉತ್ತರದ ಕಡೆಯ ಒಬ್ಬ ಹುಡುಗ. ಅವನಿಗೆ ಕನ್ನಡ ಬರಲ್ಲ, ಅಂಗಡಿಯ ಅಜ್ಜನಿಗೆ ಹಿಂದಿ ಬರಲ್ಲ. ಅಜ್ಜನ ಹಿಂದೆ ತೂತು ತೂತಿನ ಹಲಗೆ, ಅದರ ತುಂಬಾ ಕೊಕ್ಕೆ, ಕೊಕ್ಕೆ ತುಂಬಾ ವೈರು, ಇಯರ್‌ಫೋನು, ಕವರ್ರು. ಹುಡುಗ ಬೆರಳು ತೋರಿಸಿದ. ಅಜ್ಜ ಕೋಲಿನಲ್ಲಿ ಮುಟ್ಟಿ "ಇದಾ?" ಅನ್ನೋ ಹಾಗೆ ಹುಬ್ಬೇರಿಸಿದ. ಹುಡುಗ ತಲೆ ಆಡಿಸಿದ. ಬೆಲೆ ಪ್ಯಾಕಿನ ಮೇಲೇ ಇತ್ತು. ಅರ್ಧ ನಿಮಿಷದಲ್ಲಿ ವ್ಯಾಪಾರ ಮುಗೀತು, ಒಂದು ಮಾತೂ ಇಲ್ಲದೆ.

ನಾನು ವೈರ್ ತಗೊಳ್ಳೋದು ಮರೆತು ಆ ಹಲಗೆ ನೋಡ್ತಾ ನಿಂತೆ.

ಅದಕ್ಕೆ ಪೆಗ್‌ಬೋರ್ಡ್ ಅಂತಾರೆ. 1924ರಲ್ಲಿ ಅಮೆರಿಕದ ಮಿಸಿಸಿಪ್ಪಿಯ ಲಾರೆಲ್ ಊರಿನ ವಿಲಿಯಂ ಮೇಸನ್ ಅನ್ನೋನು ಮರದ ಮಿಲ್ಲಿನಲ್ಲಿ ವ್ಯರ್ಥವಾಗ್ತಿದ್ದ ಚಕ್ಕೆಯನ್ನ ಆವಿಯಲ್ಲಿ ನಾರು ನಾರಾಗಿ ಬಿಡಿಸಿ, ಒತ್ತಿ ಹಲಗೆ ಮಾಡಿದ. ಅಂಥ ಹಲಗೆಗೆ ಸಾಲಾಗಿ ತೂತು ಹೊಡೆದರೆ ಇದು. ಎಸ್.ಪಿ. ರೋಡಿನ ಸಂದಿಗಳಲ್ಲಿ ಒಂದು ಶನಿವಾರ ಪೂರ್ತಿ ಅಲೆದು 8 ಅಡಿ 4 ಅಡಿಯ ಎರಡು ಶೀಟು, ಒಂದು ಚೀಲ ಕೊಕ್ಕೆ ತಗೊಂಡು ಟೆಂಪೋದಲ್ಲಿ ಹಾಕಿಸಿ ಊರಿಗೆ ಹೋದೆ. ಇಂಚಿಗೊಂದು ತೂತು. ಒಂದು ಶೀಟಿಗೆ ಸುಮಾರು 4,500. ಅಮ್ಮ ನೋಡಿ "ಏನೋ ಇದು, ಗೋಡೆಗೆ ಸಿಡುಬು ಬಂದಂಗಿದೆ" ಅಂದಳು.

ಭಾನುವಾರ ನಾನೇ ಡ್ರಿಲ್ ಹಿಡಿದು ಗೋಡೆಗೆ ಗಟ್ಟಿಯಾಗಿ ಕೂರಿಸಿದೆ. ಆಮೇಲೆ ಕೊಕ್ಕೆ ಹಾಕೋಕೆ ಹೋದರೆ ಒಂದೂ ಒಳಗೆ ಹೋಗಲ್ಲ! ಕೊಕ್ಕೆಯ ಹಿಂದಿನ ಬಾಗು ಹಲಗೆಯ ಆಚೆ ತಿರುಗಿ ಕೂರಬೇಕು, ಅಲ್ಲಿ ಜಾಗವೇ ಇಲ್ಲ, ಗೋಡೆ. ಪಕ್ಕದ ಬೀದಿಯ ಬಡಗಿ ಬಂದು ಹೊಟ್ಟೆ ಹಿಡ್ಕೊಂಡು ನಕ್ಕ. "ಅಣ್ಣಾ, ಹಾರ್ಡ್‌ವೇರ್ ಅಂಗಡಿ ಮಗ ನೀನು!" ಎಲ್ಲಾ ಬಿಚ್ಚಿ, ಹಿಂದೆ ಮುಕ್ಕಾಲು ಇಂಚಿನ ರೀಪು ಹೊಡೆದು, ಅದರ ಮೇಲೆ ಶೀಟು ಕೂರಿಸಿದ. ಕೆಳಗೆ ಒಂದಡಿ ಬಿಟ್ಟ. ನೆಲ ಒರೆಸೋ ನೀರು ತಗುಲಿದರೆ ಈ ಹಲಗೆ ಉಬ್ಬಿ ಹಪ್ಪಳ ಆಗುತ್ತಂತೆ. ಅಪ್ಪ ಕುರ್ಚಿಯಲ್ಲಿ ಕೂತು ಎಲ್ಲಾ ನೋಡ್ತಿದ್ದರು. ಅವರಿಗೆ ರೀಪಿನ ವಿಷಯ ಮೊದಲೇ ಗೊತ್ತಿತ್ತೇನೋ! ನಾನು ಡ್ರಿಲ್ ಮಾಡುವಾಗ "ನಾಳೆ ನಾಳೆ" ಅಂತ ಒಂದೇ ಸಮ ಹೇಳ್ತಿದ್ದರು. ನಾನು ಕೇಳಿಸ್ಕೊಳ್ಳಲಿಲ್ಲ.

ಇನ್ನು ಜೋಡಿಸೋ ಕೆಲಸ. ದೊಡ್ಡ ಅಂಗಡಿಗಳಲ್ಲಿ ಯಾವ ಮಾಲು ಯಾವ ಕೊಕ್ಕೆಗೆ ಅನ್ನೋದಕ್ಕೆ ಮೊದಲೇ ನಕ್ಷೆ ಇರುತ್ತೆ, ಪ್ಲಾನೋಗ್ರಾಮ್ ಅಂತಾರೆ. ನಾನೂ ಎಕ್ಸೆಲ್‌ನಲ್ಲಿ ಒಂದು ಮಾಡಿದೆ. ಎಡದಿಂದ ಬಲಕ್ಕೆ ಅರ್ಧ ಇಂಚು, ಮುಕ್ಕಾಲು, ಒಂದು. ಮೇಲಿನಿಂದ ಕೆಳಕ್ಕೆ ಎಲ್ಬೋ, ಟೀ, ಕಪ್ಲರ್. ಮಗ್ಗಿ ಪುಸ್ತಕದ ಥರ ಅಚ್ಚುಕಟ್ಟು. ಫೋಟೋ ತೆಗೆದು ಗೆಳೆಯರಿಗೆಲ್ಲಾ ಕಳಿಸಿದೆ.

ಮುಂದಿನ ವಾರ ಹೋಗಿ ನೋಡಿದರೆ ಅಮ್ಮ ಎಲ್ಲಾ ಕಿತ್ತು ಬೇರೆ ಥರ ಹಾಕಿದಾಳೆ.

"ಯಾರೂ ಸೈಜು ಹೇಳ್ಕೊಂಡು ಬರಲ್ಲ ಕಣೋ. ನಲ್ಲಿ ಸೋರ್ತಿದೆ ಅಂತ ಬರ್ತಾರೆ" ಅಂದಳು.

ಹಾಗಾಗಿ ನಮ್ಮ ಗೋಡೆಯಲ್ಲಿ ಈಗ ಮಾಲಿನ ಸಾಲಿಲ್ಲ, ತೊಂದರೆಗಳ ಸಾಲಿದೆ. ನಲ್ಲಿ ಸೋರುತ್ತೆ: ವಾಷರ್ರು, ಟೆಫ್ಲಾನ್ ಟೇಪು, ಹೊಸ ನಲ್ಲಿ. ಪೈಪ್ ಒಡೀತು: ಕಪ್ಲರ್, ಎಲ್ಬೋ, ಅಂಟಿಸೋ ಸಲ್ಯೂಷನ್, ಗರಗಸದ ಬ್ಲೇಡು. ಬಾಗಿಲು ಕೂರ್ತಿಲ್ಲ: ಹಿಂಜಸ್ಸು, ಚಿಲಕ, ಸ್ಕ್ರೂ. ಲೈಟ್ ಹೋಯ್ತು: ಹೋಲ್ಡರ್, ಸ್ವಿಚ್ಚು, ಇನ್ಸುಲೇಷನ್ ಟೇಪು. ಒಂದಕ್ಕೆ ಬಂದವರು ಪಕ್ಕದ್ದನ್ನೂ ನೋಡಿ "ಅದೂ ಒಂದಿರ್ಲಿ" ಅಂತಾರೆ. ಟೆಫ್ಲಾನ್ ಟೇಪಂತೂ ಮೊದಲಿಗಿಂತ ಎಷ್ಟೋ ಜಾಸ್ತಿ ಹೋಗ್ತಿದೆ.

ಎಲ್ಲವನ್ನೂ ನೇತುಹಾಕೋಕಾಗಲ್ಲ. ಕೆಜಿ ಲೆಕ್ಕದ ಮೊಳೆ ಡಬ್ಬದಲ್ಲೇ ಇರಬೇಕು. ಹಾಗೇ ಇನ್ನೂರು ಚಿಲ್ಲರೆ ಬಿಡಿ ಸಾಮಾನು. ಅದಕ್ಕೆ ಎರಡನೇ ಶೀಟಿನಲ್ಲಿ ಒಂದೊಂದು ಮಾದರಿ ಮಾತ್ರ ತಂತಿಯಲ್ಲಿ ಕಟ್ಟಿ, ಕೆಳಗೆ ನಂಬರ್ ಬರೆದೆವು. ಅದೇ ನಂಬರು ಡಬ್ಬದ ಮೇಲೆ. ಡಬ್ಬಗಳನ್ನ ಒಂದೂ ಕದಲಿಸಲಿಲ್ಲ. ಅಪ್ಪ ಇಟ್ಟ ಜಾಗದಲ್ಲೇ ಇವೆ. ನಂಬರ್ ಹಾಕೋಕೆ ನಮಗೆ ನಾಲ್ಕು ದಿನ ಹಿಡೀತು. ಒಟ್ಟು 212. ಅಪ್ಪ ಅದನ್ನ ಬರೀ ತಲೆಯಲ್ಲಿ ಇಟ್ಕೊಂಡಿದ್ದರು.

ಆಮೇಲೆ ಕಲಿತದ್ದು ಸಣ್ಣ ಸಣ್ಣ ಸಂಗತಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಪ್ಯಾಕೆಟ್ಟಿನ ತಲೆ ಮೇಲೆ ಎರಡು ಬೆರಳು ಜಾಗ ಬಿಡಬೇಕು, ಇಲ್ಲದಿದ್ದರೆ ಎತ್ತಿ ತೆಗೆಯೋಕಾಗಲ್ಲ. ಹೊಸ ಮಾಲು ಹಿಂದಕ್ಕೆ, ಹಳೇದು ಮುಂದಕ್ಕೆ. ಸಲ್ಯೂಷನ್, ಫೆವಿಕ್ವಿಕ್ ಎಲ್ಲಾ ಇಟ್ಟಲ್ಲೇ ಒಣಗಿ ಹೋಗುತ್ತೆ. ಪ್ಯಾಕೆಟ್ ಎಳೆದರೆ ಕೊಕ್ಕೆಯೂ ಜೊತೆಗೆ ಬರೋದು ಈ ಬೋರ್ಡಿನ ಜನ್ಮದೋಷ. ಅಮ್ಮ ಪ್ರತಿ ಕೊಕ್ಕೆಯನ್ನೂ ಪಕ್ಕದ ತೂತಿಗೆ ಬೈಂಡಿಂಗ್ ವೈರಿನಲ್ಲಿ ಬಿಗಿದಳು. ಮಾಲ್‌ಗಳಲ್ಲಿ ಗಿರಾಕಿಯ ಕಣ್ಣಿನ ಮಟ್ಟಕ್ಕೆ ಲಾಭದ ಮಾಲು ಹಾಕ್ತಾರೆ. ನಮ್ಮಲ್ಲಿ ಕಣ್ಣಿನ ಮಟ್ಟ ಅಂದರೆ ಕುರ್ಚಿಯಲ್ಲಿ ಕೂತ ಅಪ್ಪನ ಕಣ್ಣು. ಬಲಗಡೆ ಇದ್ದದ್ದು ಅವರಿಗೆ ಸರಿಯಾಗಿ ಕಾಣಲ್ಲ ಅಂತ ಗೊತ್ತಾದ ಮೇಲೆ ಕುರ್ಚಿ ತಿರುಗಿಸಿ, ಬೋರ್ಡು ಎಡಕ್ಕೆ ಬರೋ ಹಾಗೆ ಮಾಡಿದೆವು. ಕೈಗೊಂದು ಉದ್ದ ಪೈಪಿನ ತುಂಡು ಕೊಟ್ಟೆವು, ಆ ಮೊಬೈಲ್ ಅಂಗಡಿಯ ಅಜ್ಜನ ಥರ.

ಮೊದಲನೇ ಗಿರಾಕಿ ನನಗೆ ನೆನಪಿದೆ. ಔಷಧಿ ಪಂಪು ಹೆಗಲಿಗೆ ಹಾಕ್ಕೊಂಡೇ ಬಂದಿದ್ದರು. "ಇದು ಒತ್ತಡ ಹಿಡೀತಿಲ್ಲ ಯಜಮಾನ್ರೇ." ಅಪ್ಪ ಎಡಗೈಯಲ್ಲಿ ಪಂಪಿನ ಹಿಡಿ ಎರಡು ಸಲ ಒತ್ತಿದರು. ಪೈಪಿನ ತುಂಡು ನಿಧಾನಕ್ಕೆ ಮೇಲೆ ಹೋಯಿತು, 147ರ ಮೇಲೆ ನಿಂತಿತು. ಚರ್ಮದ ವಾಷರ್. "ನಾಳೆ" ಅಂದರು. ಅಮ್ಮ 147ನೇ ಡಬ್ಬ ತೆಗೆದು ಕೊಟ್ಟಳು. ಅಲ್ಲೇ ಹಾಕಿ ನೋಡಿದರು, ಸರಿಯಾಯಿತು. ದುಡ್ಡು ಕೊಟ್ಟು ಹೋದರು. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು.

ಆ ಡಾಕ್ಟರು ಹೇಳಿದ್ದು ನನಗೆ ಆಗ ಅರ್ಥವಾಯಿತು. ಅಪ್ಪನಿಂದ ಹೋಗಿದ್ದು ಬರೀ ಹೆಸರುಗಳು. ವಸ್ತು ಗೊತ್ತಿತ್ತು, ರಿಪೇರಿ ಗೊತ್ತಿತ್ತು, ಜಾಗ ಗೊತ್ತಿತ್ತು. ಡಬ್ಬದೊಳಗಿನ ಸಾಮಾನನ್ನ ಹೆಸರಿಲ್ಲದೆ ಕೇಳೋಕಾಗಲ್ಲ. ಕೊಕ್ಕೆಯಲ್ಲಿ ನೇತಾಡೋದಕ್ಕೆ ಹೆಸರು ಬೇಕಿಲ್ಲ, ಬೆರಳು ಸಾಕು.

ಅಂಗಡಿಯ ಸ್ವಂತ ಹತಾರಗಳಿಗೂ ಬೋರ್ಡಿನ ಮೂಲೆಯಲ್ಲಿ ಜಾಗ ಮಾಡಿದೆವು. ಜೂಲಿಯಾ ಚೈಲ್ಡ್ ಅಂತ ಅಮೆರಿಕದ ಪ್ರಸಿದ್ಧ ಅಡುಗೆ ಲೇಖಕಿ. ಅವರ ಅಡುಗೆಮನೆಯಲ್ಲೂ ಪೆಗ್‌ಬೋರ್ಡ್ ಇತ್ತು. ಯಾವ ಬಾಣಲೆ ಎಲ್ಲಿ ಅಂತ ಗೊತ್ತಾಗಲಿ ಅಂತ ಅವರ ಗಂಡ ಪಾಲ್ ಪ್ರತಿಯೊಂದರ ಸುತ್ತ ಗೆರೆ ಎಳೆದಿದ್ದರು. 2001ರಲ್ಲಿ ಆ ಅಡುಗೆಮನೆಯನ್ನೇ ಜೂಲಿಯಾ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿಗೆ ಕೊಟ್ಟರು. ಅದನ್ನ ಅಪ್ಪನಿಗೆ ಫೋನಿನಲ್ಲಿ ತೋರಿಸಿದೆ. ಮಾರನೇ ದಿನ ಮಾರ್ಕರ್ ತಗೊಂಡು ಎಡಗೈಯಲ್ಲಿ ಪೈಪ್ ರೆಂಚಿನ ಸುತ್ತ ಗೆರೆ ಎಳೆದರು. ಸೊಟ್ಟಂಬಟ್ಟ. ಈಗ ಯಾರಾದರೂ ರೆಂಚು ಸಾಲ ತಗೊಂಡು ವಾಪಸ್ ತರಲಿಲ್ಲ ಅಂದರೆ ಖಾಲಿ ಗೆರೆ ತೋರಿಸಿ "ನಾಳೆ!" ಅಂತಾರೆ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಪರಿಚಯದ ಹುಡುಗ ಒಬ್ಬ ಬಾಲ್ ವಾಲ್ವು ತಗೊಂಡು "ತಾತ, ದುಡ್ಡು ಆಮೇಲೆ ಕೊಡ್ಲಾ?" ಅಂದ.

ಅಪ್ಪನ ಪೈಪಿನ ತುಂಡು ಮೇಲೆದ್ದಿತು. ಯಾವ ಕೊಕ್ಕೆಗೂ ಹೋಗಲಿಲ್ಲ. ಗಲ್ಲಾಪೆಟ್ಟಿಗೆ ಮೇಲಿನ ತಗಡಿನ ಬೋರ್ಡಿಗೆ ಟಣ್ ಅಂತ ತಾಗಿತು.

"ನಾಳೆ" ಅಂದರು ಅಪ್ಪ.

ಒಂದು ಕ್ಷಣ ಎಲ್ಲರೂ ಸುಮ್ಮನಾದೆವು. ಆಮೇಲೆ ಆ ಹುಡುಗ ನಕ್ಕ, ಅಮ್ಮ ನಕ್ಕಳು, ಅಪ್ಪ ಬಾಯಿ ಸೊಟ್ಟ ಮಾಡ್ಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕರು. ಹುಡುಗ ಫೋನ್ ತೆಗೆದು ಸ್ಕ್ಯಾನ್ ಮಾಡಿ ದುಡ್ಡು ಕಟ್ಟಿ ಹೋದ.

(ನಿಮ್ಮಲ್ಲಿ ಯಾರಾದರೂ ಪೆಗ್‌ಬೋರ್ಡ್ ಹಾಕಿಸೋರಿದ್ದರೆ, ಹಿಂದೆ ರೀಪು ಕೊಡೋದು ಮರೀಬೇಡಿ!)